ಪ್ರೆಷರ್ ಎಂಟೇ ಇತ್ತು, ಫ್ಲ್ಯಾಂಜ್ ಯಾಕೆ ಸೋರಿತು? ಒಂದು ಉಗಿ ಲೈನಿನ ಪ್ರಕರಣ ಅಧ್ಯಯನ

ಇದು ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯ ಉಗಿ ಲೈನಿನ ಪ್ರಕರಣ. ಹೆಸರು ಬೇಡ, ಕೆಲಸಕ್ಕೆ ಬೇಕಾದ್ದು ಅಂಕಿಗಳು. ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರ್, ಅದರ ಉಗಿಯಿಂದ ಕರೆಂಟ್ ಮಾಡುವ ಟರ್ಬೈನ್, ಪಕ್ಕದಲ್ಲೇ ಡಿಸ್ಟಿಲರಿ. ಬಾಯ್ಲರ್‌ನಿಂದ ಉಗಿ ಹೊರಡುವುದು 45 ಕೆಜಿ ಒತ್ತಡದಲ್ಲಿ, 440 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಇಲ್ಲಿ ಕೆಜಿ ಅಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ, ಗೇಜಿನಲ್ಲಿ ಕಾಣುವ ಲೆಕ್ಕ. ಪ್ಲಾಂಟಿನಲ್ಲಿ ಎಲ್ಲರೂ ಹೀಗೇ ಹೇಳೋದು. ಯಾವ ಭಾಗ ಎಷ್ಟು ಬಿಸಿಯಲ್ಲಿ ಎಷ್ಟು ಒತ್ತಡ ತಡೆಯುತ್ತದೆ ಅಂತ ಹೇಳುವ ರೇಟಿಂಗ್ ಟೇಬಲ್‌ಗಳು ಮಾತ್ರ ಬಾರ್‌ನಲ್ಲಿ ಇರುತ್ತವೆ. 1 ಕೆಜಿ ಅಂದರೆ 0.98 ಬಾರ್, ಹಾಗಾಗಿ ಮುಂದೆ ಬರುವ 8 ಕೆಜಿಯನ್ನು 7.85 ಬಾರ್ ಅಂತ ಓದಿಕೊಳ್ಳಿ.

ಟರ್ಬೈನ್ ಓಡುತ್ತಿರುವಾಗ ಡಿಸ್ಟಿಲರಿಗೆ ಬೇಕಾದ ಉಗಿ ಟರ್ಬೈನಿನ ನಡುವಿನಿಂದಲೇ ಸಿಗುತ್ತದೆ. ಟರ್ಬೈನ್ ನಿಂತಾಗ ಅಥವಾ ಅಲ್ಲಿಂದ ಬರುವುದು ಸಾಲದಾದಾಗ ಪಿಆರ್‌ಡಿಎಸ್ ಅನ್ನುವ ವ್ಯವಸ್ಥೆ ಕೆಲಸಕ್ಕೆ ಬರುತ್ತದೆ. ಅದು ಮಾಡುವುದು ಎರಡು ಕೆಲಸ. ಒಂದು ವಾಲ್ವ್ 45 ಕೆಜಿಯನ್ನು 8 ಕೆಜಿಗೆ ಇಳಿಸುತ್ತದೆ. ಅದರ ಮುಂದೆ ಒಂದು ನಾಝಲ್ ಬಾಯ್ಲರ್ ಫೀಡ್ ನೀರನ್ನು ಉಗಿಯೊಳಗೆ ಸಿಂಪಡಿಸಿ ಬಿಸಿಯನ್ನು 185 ಡಿಗ್ರಿ ಆಸುಪಾಸಿಗೆ ತರುತ್ತದೆ. ಅಲ್ಲಿಂದ 8 ಇಂಚಿನ ಲೈನ್ ಸುಮಾರು 40 ಮೀಟರ್ ಹೋಗಿ ಒಂದು ಹೆಡರ್ ಸೇರುತ್ತದೆ. ಹೆಡರ್‌ನಿಂದ ಕವಲುಗಳು ಹೊರಡುತ್ತವೆ, ಪ್ರತಿ ಕವಲಿನಲ್ಲೂ ಒತ್ತಡವನ್ನು ಇನ್ನೂ ಇಳಿಸುವ ಒಂದೊಂದು ವಾಲ್ವ್ ಇದೆ.

ಈ 8 ಇಂಚಿನ ಲೈನನ್ನು ಡಿಸೈನ್ ಮಾಡಿದ್ದು 10 ಕೆಜಿ, 200 ಡಿಗ್ರಿಗೆ. ಪೈಪ್ ಎ106 ಗ್ರೇಡ್ ಬಿ ಅನ್ನುವ ಕಾರ್ಬನ್ ಸ್ಟೀಲ್, ಗೋಡೆಯ ದಪ್ಪ ಶೆಡ್ಯೂಲ್ 40. ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸುವ ಬಳೆಯಂಥ ಭಾಗ, ಅಂದರೆ ಫ್ಲ್ಯಾಂಜ್, ಎ105 ಕಾರ್ಬನ್ ಸ್ಟೀಲ್, ಕ್ಲಾಸ್ 150. ವಾಲ್ವ್ ಬಾಡಿ ಡಬ್ಲ್ಯುಸಿಬಿ ಅನ್ನುವ ಕಾರ್ಬನ್ ಸ್ಟೀಲ್ ಕಾಸ್ಟಿಂಗ್, ಅದೂ ಕ್ಲಾಸ್ 150. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದು (ಪ್ಲಾಂಟಿನ ಮಾತಲ್ಲಿ ಹಾರಿ) ಉಗಿ ಹೊರಬಿಡುವ ಸೇಫ್ಟಿ ವಾಲ್ವಿನ ಸೆಟ್ಟಿಂಗ್ 9.5 ಕೆಜಿ. ಫ್ಲ್ಯಾಂಜುಗಳ ರೇಟಿಂಗ್ ಕೊಡುವ ಅಮೆರಿಕದ ಎಎಸ್‌ಎಂಇ ಸಂಸ್ಥೆಯ ಬಿ16.5 ಕೋಡಿನ ಟೇಬಲ್ ತೆಗೆದು ನೋಡಿದರೆ ಈ ಫ್ಲ್ಯಾಂಜ್ 200 ಡಿಗ್ರಿಯಲ್ಲಿ 13.8 ಬಾರ್ ತಡೆಯುತ್ತದೆ. ಬೇಕಾದ್ದು 9.8 ಬಾರ್. ಡ್ರಾಯಿಂಗ್ ನೋಡಿದವರು ಯಾರೂ ತಕರಾರು ತೆಗೆಯುವ ಹಾಗೆ ಇರಲಿಲ್ಲ.

ನಡೆದದ್ದು ಇಷ್ಟು

ಹಂಗಾಮಿನ ನಡುವೆ ಟರ್ಬೈನ್ ನಿಂತಿತ್ತು, ಪಿಆರ್‌ಡಿಎಸ್ ಮೇಲೆ ಡಿಸ್ಟಿಲರಿ ಓಡುತ್ತಿತ್ತು. ಸ್ಪ್ರೇ ನೀರಿನ ಲೈನಿನ ಸ್ಟ್ರೈನರ್, ಅಂದರೆ ಕಸ ಹಿಡಿಯುವ ಜರಡಿ, ಕಟ್ಟಿಕೊಂಡಿತು. ನೀರು ಕಡಿಮೆಯಾಗುತ್ತಾ ಬಂದು ಕೊನೆಗೆ ನಿಂತೇಹೋಯಿತು. ಬಿಸಿ ಜಾಸ್ತಿ ಅಂತ ಅಲಾರಂ ಬಂತು. ಆಪರೇಟರ್ ಅದನ್ನು ನೋಡಿ ಸ್ಟ್ರೈನರ್ ಬಿಚ್ಚಲು ಜನ ಕಳಿಸಿದರು. ಅವರು ಮಾಡಿದ್ದು ಸರಿಯಾಗೇ ಇತ್ತು. ಆದರೆ ಅಷ್ಟು ಹೊತ್ತು ಉಗಿ ಹರಿಯುತ್ತಲೇ ಇತ್ತು, ಯಾಕೆಂದರೆ ಉಗಿ ನಿಲ್ಲಿಸಿದರೆ ಡಿಸ್ಟಿಲರಿ ನಿಲ್ಲುತ್ತದೆ, ಮತ್ತು ಬಿಸಿ ಜಾಸ್ತಿಯಾದರೆ ಉಗಿ ನಿಲ್ಲಿಸಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಟ್ರೆಂಡ್ ಗ್ರಾಫಿನಲ್ಲಿ ತಾಪಮಾನ 400 ದಾಟಿದ್ದು ಸ್ಪಷ್ಟವಾಗಿ ಕಾಣುತ್ತದೆ. ಸ್ಟ್ರೈನರ್ ತೊಳೆದು ಹಾಕಿದರು, ನೀರು ಮತ್ತೆ ಬಂತು, ತಾಪಮಾನ ಸರ್ರನೆ ಇಳಿಯಿತು. ಸೋರಿಕೆ ಶುರುವಾದದ್ದು ಆಗ. ಪಿಆರ್‌ಡಿಎಸ್‌ನ ಮುಂದಿನ ಎರಡು ಜೋಡಿ ಫ್ಲ್ಯಾಂಜುಗಳಿಂದ ಉಗಿ ಸೀಟಿ ಹೊಡೆದಂತೆ ಹೊರಬರತೊಡಗಿತು. ಹತ್ತಿರ ಯಾರೂ ಇರಲಿಲ್ಲ, ಯಾರಿಗೂ ಏನೂ ಆಗಲಿಲ್ಲ.

ಬಿಸಿ ಏರಿದಾಗ ಸೋರದೆ ಇಳಿದಾಗ ಸೋರಿದ್ದರಿಂದಲೇ ಎಲ್ಲರ ಲಕ್ಷ್ಯ ಗ್ಯಾಸ್ಕೆಟ್ ಕಡೆ, ಅಂದರೆ ಸೋರದಂತೆ ಎರಡು ಫ್ಲ್ಯಾಂಜುಗಳ ನಡುವೆ ಇಡುವ ಬಿಲ್ಲೆಯ ಕಡೆ ಹೋಯಿತು. ಶಿಫ್ಟಿನವರು ನನಗೆ ಹೇಳಿದ್ದೂ ಅದನ್ನೇ: "ಪ್ರೆಷರ್ ಎಂಟ್ ದಾಟೇ ಇಲ್ರಿ ಸರ. ಸೇಫ್ಟಿನೂ ಹಾರಿಲ್ಲ. ಗ್ಯಾಸ್ಕೆಟ್‌ದ್ದೇ ತಪ್ಪ್ರಿ ಅದು." ಅವರು ಹೇಳಿದ ಎರಡೂ ವಿಷಯ ನಿಜ. ಪ್ರೆಷರ್ ದಾಟಿರಲಿಲ್ಲ, ಸೇಫ್ಟಿ ವಾಲ್ವ್ ಹಾರಿರಲಿಲ್ಲ. ಆದರೂ ಆ ಲೈನ್ ತನ್ನ ರೇಟಿಂಗಿನ ಆಚೆ ಓಡಿತ್ತು. ಈ ಪ್ರಕರಣ ಬರೆಯಲು ಕಾರಣವೇ ಇದು.

ನೀರು ನಿಂತರೆ ಎಷ್ಟು ಬಿಸಿ?

ರೇಟಿಂಗ್ ನೋಡುವ ಮೊದಲು ತಾಪಮಾನ ಗೊತ್ತಾಗಬೇಕು. ಒತ್ತಡ ಇಳಿದರೆ ಉಗಿ ತಾನಾಗಿಯೇ ತಣ್ಣಗಾಗುತ್ತದೆ ಅನ್ನುವ ನಂಬಿಕೆ ಪ್ಲಾಂಟುಗಳಲ್ಲಿ ಬಹಳ ಇದೆ. ಸ್ವಲ್ಪ ಆಗುತ್ತದೆ, ಅಷ್ಟೇ. ವಾಲ್ವ್ ಒಳಗೆ ಉಗಿ ಯಾವ ಕೆಲಸವನ್ನೂ ಮಾಡುವುದಿಲ್ಲ, ಹೊರಗೆ ಶಾಖ ಕೊಡುವುದೂ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಒಳಗೆ ಬಂದ ಎಂಥಾಲ್ಪಿಯೇ, ಅಂದರೆ ಉಗಿ ಹೊತ್ತು ತಂದ ಒಟ್ಟು ಶಾಖಶಕ್ತಿಯೇ, ಹೊರಗೂ ಹೋಗುತ್ತದೆ. 45 ಕೆಜಿ, 440 ಡಿಗ್ರಿಯ ಉಗಿಯಲ್ಲಿ ಒಂದು ಕೆಜಿ ತೂಕಕ್ಕೆ ಸುಮಾರು 3300 ಕಿಲೋಜೌಲ್ ಇರುತ್ತದೆ. 8 ಕೆಜಿ ಒತ್ತಡದಲ್ಲಿ ಅದೇ 3300 ಎಷ್ಟು ಡಿಗ್ರಿಗೆ ಸಿಗುತ್ತದೆ ಅಂತ ಉಗಿ ಟೇಬಲ್‌ನಲ್ಲಿ ನೋಡಿದರೆ ಉತ್ತರ 416 ಡಿಗ್ರಿ ಹತ್ತಿರ. ಅಂದರೆ ಒತ್ತಡ 37 ಕೆಜಿ ಇಳಿದರೂ ಬಿಸಿ ಇಳಿಯುವುದು ಇಪ್ಪತ್ತೈದು ಡಿಗ್ರಿಯಷ್ಟು. ಉಳಿದ ಇಳಿಕೆ ಪೂರ್ತಿ ಸ್ಪ್ರೇ ನೀರಿನದು. 105 ಡಿಗ್ರಿಯ ಫೀಡ್ ನೀರು ಅಂತ ಇಟ್ಟುಕೊಂಡರೆ ಒಂದು ಟನ್ ಉಗಿಗೆ ಸುಮಾರು 210 ಕೆಜಿ ನೀರು ಬೇಕು. ಆ ನೀರು ಬರುವ ದಾರಿಯಲ್ಲಿ ಒಂದು ಸ್ಟ್ರೈನರ್, ಒಂದು ಕಂಟ್ರೋಲ್ ವಾಲ್ವ್, ಒಂದು ನಾಝಲ್ ಇವೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಲೈನಿನ ತಾಪಮಾನ 185 ಅಲ್ಲ, 416.

ಡಿಸೈನಿನಲ್ಲಿ 200 ಅಂತ ಬರೆದವರು 185ಕ್ಕೆ ಹದಿನೈದು ಡಿಗ್ರಿ ಸೇರಿಸಿ ಬರೆದಿದ್ದರು. ಎಲ್ಲವೂ ಸರಿಯಾಗಿ ನಡೆದಾಗಿನ ತಾಪಮಾನ ಅದು. ಪೈಪಿಂಗ್ ಕೋಡುಗಳು ಕೇಳುವುದು ಬೇರೆ: ಒಟ್ಟಿಗೆ ಬರಬಹುದಾದ ಒತ್ತಡ ಮತ್ತು ತಾಪಮಾನಗಳಲ್ಲಿ ಅತ್ಯಂತ ಕಠಿಣವಾದ ಜೋಡಿ ಯಾವುದು ಅಂತ. ಸ್ಟ್ರೈನರ್ ಕಟ್ಟಿಕೊಳ್ಳುವುದು ಪವಾಡವೇನಲ್ಲ, ಅದು ಕಟ್ಟಿಕೊಳ್ಳಲೆಂದೇ ಇರುವ ವಸ್ತು. ಹಾಗಿರುವಾಗ ಆ ಸ್ಥಿತಿ ಡಿಸೈನಿನೊಳಗೆ ಬರಲೇಬೇಕಲ್ವಾ?

ಟೇಬಲ್ ಏನು ಹೇಳುತ್ತದೆ

ಕ್ಲಾಸ್ 150 ಅನ್ನುವ ಹೆಸರು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದು 150 ಬಾರ್ ಅಲ್ಲ, ಇಂತಿಷ್ಟೇ ಒತ್ತಡ ಅಂತಲೂ ಅಲ್ಲ. ಅದೊಂದು ವರ್ಗದ ಹೆಸರು, ಅಷ್ಟೇ. ಅದರ ಹಿಂದೆ ಒಂದು ಇಳಿಜಾರು ಇದೆ. ಎ105 ಫ್ಲ್ಯಾಂಜಿಗೆ ಆ ಇಳಿಜಾರು ಹೀಗೆ: 38 ಡಿಗ್ರಿವರೆಗೆ 19.6 ಬಾರ್, 100ರಲ್ಲಿ 17.7, 200ರಲ್ಲಿ 13.8, 300ರಲ್ಲಿ 10.2, 350ರಲ್ಲಿ 8.4, 375ರಲ್ಲಿ 7.4, 400ರಲ್ಲಿ 6.5, 425ರಲ್ಲಿ 5.5. ನಡುವಿನ ಡಿಗ್ರಿಗಳಿಗೆ ನೇರ ಗೆರೆ ಎಳೆದು ಲೆಕ್ಕ ಹಾಕಬಹುದು. 416ಕ್ಕೆ ಬರುವುದು ಸುಮಾರು 5.9 ಬಾರ್. ಲೈನಿನಲ್ಲಿ ಇದ್ದದ್ದು 7.85. ಮೂರನೇ ಒಂದು ಭಾಗ ಜಾಸ್ತಿ.

ಇದೇ ಅಂಕಿಗಳನ್ನು ತಿರುಗಿಸಿ ಓದಿದರೆ ಇನ್ನೊಂದು ಸಂಗತಿ ಕಾಣುತ್ತದೆ, ನನಗೆ ಈ ಪ್ರಕರಣದಲ್ಲಿ ಅತ್ಯಂತ ಮುಖ್ಯ ಅನ್ನಿಸಿದ್ದು ಅದೇ. ಸೇಫ್ಟಿ ವಾಲ್ವ್ ಹಾರುವುದು 9.5 ಕೆಜಿಗೆ, ಅಂದರೆ 9.3 ಬಾರ್‌ಗೆ. ಕ್ಲಾಸ್ 150 ಫ್ಲ್ಯಾಂಜಿನ ರೇಟಿಂಗ್ 9.3 ಬಾರ್ ಇರುವುದು 325 ಡಿಗ್ರಿಯಲ್ಲಿ. ಹಾಗಾದರೆ 325 ದಾಟಿದ ಕ್ಷಣದಿಂದ ಆ ಸೇಫ್ಟಿ ವಾಲ್ವ್ ಆ ಫ್ಲ್ಯಾಂಜನ್ನು ಕಾಯುತ್ತಿಲ್ಲ. ಅದು ಹಾರುವ ಮೊದಲೇ ಫ್ಲ್ಯಾಂಜ್ ಮಿತಿ ಮೀರಿರುತ್ತದೆ. 365 ಡಿಗ್ರಿ ಹತ್ತಿರ ಬಂದಾಗ ಮಾಮೂಲಿ 8 ಕೆಜಿ ಒತ್ತಡವೇ ಜಾಸ್ತಿಯಾಗಿಬಿಡುತ್ತದೆ. ಸೇಫ್ಟಿ ವಾಲ್ವಿಗೆ ಒತ್ತಡ ಮಾತ್ರ ಗೊತ್ತು, ಬಿಸಿ ಗೊತ್ತಿಲ್ಲ. ಬಾಯ್ಲರ್ ಮನೆಯಲ್ಲಿ ಇಷ್ಟು ವರ್ಷ ಕೆಲಸ ಮಾಡಿದ ಹಿರಿಯರೂ ಈ ಮಾತು ಕೇಳಿ ಒಂದು ನಿಮಿಷ ಸುಮ್ಮನಾದರು, ಆಮೇಲೆ ತಾವೇ ಟೇಬಲ್ ಎಳೆದುಕೊಂಡು ನೋಡಿದರು. ಹಾಗೆ ನೋಡಿದ್ದರಿಂದ ಮುಂದಿನ ಕೆಲಸವೆಲ್ಲ ಸಲೀಸಾಯಿತು.

ಕೆಲವು ಗಂಟೆ ತಾನೇ, ಅಷ್ಟಕ್ಕೆ ಕೋಡ್ ವಿನಾಯಿತಿ ಕೊಡುತ್ತದಲ್ಲ ಅಂತ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಪ್ರೋಸೆಸ್ ಪೈಪಿಂಗಿನ ಬಿ31.3 ಕೋಡ್ ಮಾಲೀಕರ ಒಪ್ಪಿಗೆ ಮತ್ತು ಇನ್ನಷ್ಟು ಷರತ್ತುಗಳ ಮೇಲೆ, ಒಂದು ಸಲಕ್ಕೆ 10 ಗಂಟೆ ಮತ್ತು ವರ್ಷಕ್ಕೆ 100 ಗಂಟೆ ಮೀರದ ಹಾಗೆ, 33 ಶೇಕಡಾವರೆಗೆ ಮೀರಲು ಬಿಡುತ್ತದೆ. ಇಲ್ಲಿ 7.85ನ್ನು 5.86ರಿಂದ ಭಾಗಿಸಿದರೆ 34 ಶೇಕಡಾ ಮೀರಿದೆ. ಒತ್ತಡ ಸೇಫ್ಟಿ ವಾಲ್ವ್ ಹಾರುವ ಮಟ್ಟಕ್ಕೆ ಹೋಗಿದ್ದರೆ ಸುಮಾರು 60 ಶೇಕಡಾ. ಅದೂ ಅಲ್ಲದೆ ಇದು ಬಾಯ್ಲರ್ ಉಗಿಯ ಲೈನ್, 3.5 ಕೆಜಿ ಮೀರಿದ ಉಗಿ ಪೈಪ್ ಆದ್ದರಿಂದ ಭಾರತೀಯ ಬಾಯ್ಲರ್ ನಿಯಮಗಳ ಕೆಳಗೆ ಬರುತ್ತದೆ. ಪ್ರೋಸೆಸ್ ಕೋಡಿನ ಸಡಿಲಿಕೆಯನ್ನು ಎತ್ತಿಕೊಂಡು ಬಂದು ಇಲ್ಲಿ ಹಾಕಲು ಬರುವುದಿಲ್ಲ.

ಪೈಪ್ ಗಟ್ಟಿ, ಫ್ಲ್ಯಾಂಜ್ ಅಲ್ಲ

ಕಾರ್ಖಾನೆಯವರು ಮೊದಲು ಅಳೆಸಿದ್ದು ಪೈಪಿನ ದಪ್ಪವನ್ನು. ಅಲ್ಟ್ರಾಸೋನಿಕ್ ಮೀಟರ್ ತಂದು ಅಳೆದರು, ದಪ್ಪ ಸರಿಯಾಗೇ ಇತ್ತು. ಪೈಪಿನ ಲೆಕ್ಕವನ್ನೂ ಮಾಡಿ ನೋಡೋಣ. 8 ಇಂಚಿನ ಪೈಪಿನ ಹೊರ ವ್ಯಾಸ 219.1 ಮಿ.ಮೀ., ಶೆಡ್ಯೂಲ್ 40ರ ದಪ್ಪ 8.18 ಮಿ.ಮೀ. ಎ106 ಗ್ರೇಡ್ ಬಿ ಸ್ಟೀಲಿಗೆ ಪವರ್ ಪೈಪಿಂಗಿನ ಬಿ31.1 ಕೋಡ್ ತಣ್ಣಗಿರುವಾಗ ಲೋಹದೊಳಗೆ 118 ಮೆಗಾಪ್ಯಾಸ್ಕಲ್ ಎಳೆತ (ಸ್ಟ್ರೆಸ್) ಒಪ್ಪುತ್ತದೆ, 427 ಡಿಗ್ರಿಯಲ್ಲಿ ಅದು 74ಕ್ಕೆ ಇಳಿಯುತ್ತದೆ. 416ಕ್ಕೆ ಸ್ವಲ್ಪ ಜಾಸ್ತಿ ಸಿಗುತ್ತದೆ, ಆದರೂ 74ನ್ನೇ ಹಿಡಿಯೋಣ. 8 ಕೆಜಿಗೆ ಬೇಕಾದ ದಪ್ಪ 1.15 ಮಿ.ಮೀ. ತುಕ್ಕಿಗೆ ಅಂತ 1.5 ಸೇರಿಸಿ, ಗಿರಣಿಯಲ್ಲಿ ಆಗುವ 12.5 ಶೇಕಡಾ ಕೊರತೆಯನ್ನೂ ಸೇರಿಸಿದರೆ 3 ಮಿ.ಮೀ. ಸಾಕು. ಇರುವುದು 8.18. ಉಲ್ಟಾ ಲೆಕ್ಕ ಹಾಕಿದರೆ ಆ ಪೈಪ್ 427 ಡಿಗ್ರಿಯಲ್ಲೂ ಸುಮಾರು 39 ಬಾರ್ ತಡೆಯುತ್ತದೆ.

ಪೈಪ್ 39 ಬಾರ್, ಅದೇ ಪೈಪಿಗೆ ವೆಲ್ಡ್ ಮಾಡಿದ ಫ್ಲ್ಯಾಂಜ್ 5.9 ಬಾರ್. ಲೈನಿನ ರೇಟಿಂಗ್ ಯಾವುದು? 5.9, ಅದಕ್ಕಿಂತ ಕಡಿಮೆ ಇರುವ ಇನ್ನೊಂದು ಭಾಗ ಸಿಗುವವರೆಗೆ. ಸರಪಳಿಯ ಹಾಗೆ ಇದು, ಬಡಕಲು ಕೊಂಡಿಯ ಬಲವೇ ಇಡೀ ಸರಪಳಿಯ ಬಲ. ಪೈಪಿನ ದಪ್ಪದ ಲೆಕ್ಕ ಮಾಡಿ, ಭೇಷ್ ಅಂತ ಸಹಿ ಹಾಕಿ ಕಡತ ಮುಚ್ಚುವ ರೂಢಿ ತುಂಬಾ ಕಡೆ ಇದೆ. ಉಗಿ ಮತ್ತು ಬಿಸಿ ಎಣ್ಣೆಯ ಲೈನುಗಳಲ್ಲಿ ಪೈಪ್ ಗೋಡೆಯೇ ಮೊದಲು ಸೋಲುವುದು ಅಪರೂಪ, ಸೋಲುವುದು ಜೋಡಣೆಗಳು.

ಫ್ಲ್ಯಾಂಜ್ ಸೋತ ರೀತಿಯೂ ಅರ್ಥವಾಗುವಂಥದ್ದೇ. ಒಳಗಿನ ಉಗಿ ಬೇಗ ಬಿಸಿಯಾದಾಗ ಫ್ಲ್ಯಾಂಜ್ ಮೊದಲು ಹಿಗ್ಗುತ್ತದೆ, ಬೋಲ್ಟ್ ಆಮೇಲೆ. ಆ ಅಂತರದಲ್ಲಿ ಬೋಲ್ಟ್ ಮೇಲೆ ಎಳೆತ ಜಾಸ್ತಿಯಾಗುತ್ತದೆ, ಗ್ಯಾಸ್ಕೆಟ್ ಇನ್ನಷ್ಟು ಅದುಮಿಕೊಳ್ಳುತ್ತದೆ. ಹಾಗಾಗಿ ಏರುವಾಗ ಸೋರುವುದಿಲ್ಲ. ಆ ಬಿಸಿಯಲ್ಲಿ ಕೆಲವು ಹೊತ್ತು ಕಳೆದರೆ ಬೋಲ್ಟಿನ ಬಿಗಿ ಸಡಿಲವಾಗುತ್ತದೆ, ಗ್ಯಾಸ್ಕೆಟ್ ತೆಳ್ಳಗಾಗಿರುತ್ತದೆ. ಈಗ ಒಮ್ಮೆಲೇ ನೀರು ಬಂದು ಉಗಿ ತಣ್ಣಗಾದರೆ ಫ್ಲ್ಯಾಂಜ್ ಮೊದಲು ಕುಗ್ಗುತ್ತದೆ, ಬೋಲ್ಟ್ ಇನ್ನೂ ಉದ್ದವಾಗೇ ಇರುತ್ತದೆ. ಸೋರಿಕೆ ಶುರು. ಬಿ16.5 ಕೂಡ ಇದನ್ನು ಎಚ್ಚರಿಸಿಯೇ ಇದೆ: ಹೊರಗಿನ ಭಾರ ಅಥವಾ ತಾಪಮಾನದ ಏರುಪೇರು ಜಾಸ್ತಿ ಇದ್ದರೆ ಕ್ಲಾಸ್ 150 ಜೋಡಣೆಗಳು 200 ಡಿಗ್ರಿ ಮೇಲೆ, ಉಳಿದ ಕ್ಲಾಸುಗಳು 400 ಡಿಗ್ರಿ ಮೇಲೆ ಸೋರಬಹುದು ಅಂತ. ಗ್ಯಾಸ್ಕೆಟ್ ಬದಲಿಸಿ, ಬೋಲ್ಟ್ ಬಿಗಿ ಮಾಡಿ ಕೈತೊಳೆದುಕೊಂಡಿದ್ದರೆ ಮುಂದಿನ ಸಲ ಸ್ಟ್ರೈನರ್ ಕಟ್ಟಿದಾಗ ಇದೇ ಕಥೆ.

ಎಸ್‌ಎಸ್ ಹಾಕಿಬಿಡೋಣ ಅನ್ನುವ ಮಾತು

ಖರೀದಿ ವಿಭಾಗದಿಂದ ಒಂದು ಸಲಹೆ ಬಂತು. ದುಡ್ಡು ಖರ್ಚಾದರೂ ಪರವಾಗಿಲ್ಲ, ಎಲ್ಲಾ ಫ್ಲ್ಯಾಂಜನ್ನೂ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಮಾಡಿಬಿಡೋಣ, ಕ್ಲಾಸ್ 150ರಲ್ಲೇ. ಒಳ್ಳೆಯ ಮನಸ್ಸಿನಿಂದ ಬಂದ ಸಲಹೆ, ಅದರಲ್ಲಿ ಅನುಮಾನವಿಲ್ಲ. ಆದರೆ ಟೇಬಲ್ ನೋಡಿ. 316ಎಲ್ ಕ್ಲಾಸ್ 150 ಫ್ಲ್ಯಾಂಜ್ 38 ಡಿಗ್ರಿಯಲ್ಲಿ 15.9 ಬಾರ್, ಕಾರ್ಬನ್ ಸ್ಟೀಲಿನ 19.6ಕ್ಕಿಂತ ಕಡಿಮೆ. 200 ಡಿಗ್ರಿಯಲ್ಲಿ 11.2, ಕಾರ್ಬನ್ ಸ್ಟೀಲ್ 13.8. ಕಡಿಮೆ ಕಾರ್ಬನ್ ಇರುವ ಎಲ್ ಗ್ರೇಡುಗಳ ಬಲ ಕಡಿಮೆ, ತುಕ್ಕು ಹಿಡಿಯದು ಅನ್ನುವುದಕ್ಕೂ ಒತ್ತಡ ತಡೆಯುತ್ತದೆ ಅನ್ನುವುದಕ್ಕೂ ಸಂಬಂಧ ಇಲ್ಲ. 400 ಡಿಗ್ರಿಗೆ ಬಂದರೆ ಎರಡೂ 6.5 ಬಾರ್. ದುಡ್ಡು ಹೋಯಿತು, ರೇಟಿಂಗ್ ಇದ್ದಲ್ಲೇ ಇದೆ.

ಸರಿ, ಕ್ರೋಮ್ ಮಾಲಿಬ್ಡಿನಮ್ ಅಲಾಯ್ ಸ್ಟೀಲ್ ಹಾಕಿದರೆ? ಎಫ್11 ಫ್ಲ್ಯಾಂಜ್ ಬಿಸಿಯಲ್ಲಿ ನಿಜಕ್ಕೂ ಗಟ್ಟಿ. ಆದರೆ ಕ್ಲಾಸ್ 150ರಲ್ಲಿ 400 ಡಿಗ್ರಿಗೆ ಅದೂ 6.5 ಬಾರೇ. ಯಾಕೆ ಹೀಗೆ? ಕ್ಲಾಸ್ 150ಕ್ಕೆ ಕೋಡ್ ಒಂದು ಮೇಲ್ಮಿತಿ ಇಟ್ಟಿದೆ, ಬಿಸಿ ಏರಿದ ಹಾಗೆ ಅದು ನೇರ ಗೆರೆಯಲ್ಲಿ ಇಳಿಯುತ್ತದೆ. ವಸ್ತು ಎಷ್ಟೇ ಬಲಶಾಲಿಯಾದರೂ ಆ ಗೆರೆ ದಾಟಲು ಬಿಡುವುದಿಲ್ಲ. ತೆಳು ಫ್ಲ್ಯಾಂಜ್, ಕಡಿಮೆ ಬೋಲ್ಟ್, ಹಾಗಾಗಿ ಲೋಹ ತಡೆದರೂ ಜೋಡಣೆ ತಡೆಯುವ ಖಾತ್ರಿ ಇಲ್ಲ. ಕ್ಲಾಸ್ 300ಕ್ಕೆ ಬಂದರೆ ಚಿತ್ರವೇ ಬೇರೆ. ಅದೇ ಅಗ್ಗದ ಎ105 ಕಾರ್ಬನ್ ಸ್ಟೀಲ್, ಕ್ಲಾಸ್ 300ರಲ್ಲಿ 400 ಡಿಗ್ರಿಗೆ 34.7 ಬಾರ್, 425ಕ್ಕೆ 28.8. ನಮ್ಮ 416ಕ್ಕೆ ಸುಮಾರು 31 ಬಾರ್. 5.9 ಎಲ್ಲಿ, 31 ಎಲ್ಲಿ. ಹೆಸರು ಎರಡು ಪಟ್ಟು, ಬಲ ಐದು ಪಟ್ಟು. ಇಲ್ಲಿ ಬದಲಿಸಬೇಕಿದ್ದದ್ದು ವಸ್ತುವನ್ನಲ್ಲ, ಕ್ಲಾಸನ್ನು.

ಹೈಡ್ರೋಟೆಸ್ಟ್ ಪಾಸ್ ಆಗಿತ್ತಲ್ಲ?

ಈ ಲೈನನ್ನು ಕಟ್ಟಿದಾಗ 15 ಕೆಜಿ ನೀರಿನ ಒತ್ತಡದಲ್ಲಿ ಟೆಸ್ಟ್ ಮಾಡಿದ್ದರು, ಒಂದು ಹನಿ ಸೋರಿರಲಿಲ್ಲ. ಅದನ್ನು ಸಾಕ್ಷಿಯಾಗಿ ಇಟ್ಟು ವಾದ ಮಾಡಿದವರಿದ್ದರು. ತಣ್ಣೀರಿನಲ್ಲಿ ಆ ಫ್ಲ್ಯಾಂಜ್ 19.6 ಬಾರಿನದು, 15 ಕೆಜಿ ಅದಕ್ಕೆ ಸಲೀಸು. ಆ ಟೆಸ್ಟ್ ವೆಲ್ಡಿಂಗ್ ಸರಿಯಾಗಿದೆ, ಜೋಡಣೆ ಸರಿಯಾಗಿದೆ ಅಂತ ಹೇಳುತ್ತದೆ. 416 ಡಿಗ್ರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಇದಕ್ಕೇ ಬಿ31.3 ಕೋಡ್ ಬಿಸಿ ಲೈನುಗಳಿಗೆ ಟೆಸ್ಟ್ ಒತ್ತಡವನ್ನು ಇನ್ನೂ ಏರಿಸುತ್ತದೆ: ತಣ್ಣಗಿನ ಬಲಕ್ಕೂ ಬಿಸಿಯ ಬಲಕ್ಕೂ ಇರುವ ಅನುಪಾತದಿಂದ ಗುಣಿಸುತ್ತದೆ. ಟೆಸ್ಟಿನ ಅಂಕಿಯನ್ನು ರೇಟಿಂಗ್ ಅಂತ ಓದುವುದು ಅಪಾಯ.

ಈ ಎರಡೂ ತಪ್ಪು, ಅಂದರೆ ಪೈಪಿನ ಲೆಕ್ಕ ಮಾತ್ರ ಮಾಡುವುದು ಮತ್ತು ಸಾಲದ ಟೆಸ್ಟನ್ನು ನಂಬುವುದು, ಒಟ್ಟಿಗೆ ಸೇರಿದರೆ ಏನಾಗಬಹುದು ಅನ್ನುವುದಕ್ಕೆ ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಇದೆ. ಸ್ಕಂಥಾರ್ಪ್ ಹತ್ತಿರದ ರಾಸಾಯನಿಕ ಕಾರ್ಖಾನೆ, 1974 ಜೂನ್ 1. ಸಾಲಾಗಿದ್ದ ಆರು ರಿಯಾಕ್ಟರುಗಳಲ್ಲಿ ಐದನೆಯದು ಬಿರುಕು ಬಿಟ್ಟಿತ್ತು. ಅದನ್ನು ತೆಗೆದು ನಾಲ್ಕು ಮತ್ತು ಆರರ ನಡುವೆ 20 ಇಂಚಿನ ಸೊಟ್ಟ ಪೈಪ್ ಹಾಕಿದರು, ಎರಡೂ ತುದಿಗೆ ಹಿಗ್ಗಿ ಕುಗ್ಗುವ ಬೆಲ್ಲೋಸ್. ಒಳಗೆ 8.8 ಕೆಜಿ ಒತ್ತಡ, 155 ಡಿಗ್ರಿಯ ಸೈಕ್ಲೋಹೆಕ್ಸೇನ್. ನೇರ ಪೈಪ್ ಅಂತ ಇಟ್ಟುಕೊಂಡು ಅದು ಒತ್ತಡ ತಡೆಯುತ್ತದೆಯೇ ಅಂತ ಲೆಕ್ಕ ಮಾಡಿದ್ದರು, ತಡೆಯುತ್ತಿತ್ತು. ಬೆಲ್ಲೋಸ್ ಮತ್ತು ಸೊಟ್ಟ ಪೈಪ್ ಸೇರಿ ಹುಟ್ಟುವ ಬಾಗುಬಲದ ಲೆಕ್ಕ ಮಾಡಲಿಲ್ಲ. ಟೆಸ್ಟ್ ಮಾಡಿದ್ದು 9 ಕೆಜಿಗೆ, ಸೇಫ್ಟಿ ವಾಲ್ವ್ ಹಾರುವುದಿದ್ದದ್ದು 11 ಕೆಜಿಗೆ. ಆ ಜೋಡಣೆ ಕಿತ್ತುಬಂದು ನಡೆದ ಸ್ಫೋಟದಲ್ಲಿ 28 ಜನ ಸತ್ತರು. ಅದು ಶನಿವಾರ, ಕೆಲಸದ ದಿನವಾಗಿದ್ದರೆ ಸಾವು ಇನ್ನೂ ಎಷ್ಟೋ ಜಾಸ್ತಿಯಾಗುತ್ತಿತ್ತು. ನಮ್ಮದು ಉಗಿ, ಬೆಂಕಿ ಹತ್ತುವ ವಸ್ತುವಲ್ಲ. ಆದರೆ 8 ಕೆಜಿಯ ಉಗಿ ಮೈಮೇಲೆ ಬಂದರೆ ಮನುಷ್ಯ ಉಳಿಯುವುದು ಕಷ್ಟ, ಅದನ್ನು ಬಾಯ್ಲರ್ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಫ್ಲ್ಯಾಂಜಿಗಿಂತ ಬಡಕಲಾದವು

ಲೈನ್ ಉದ್ದಕ್ಕೂ ನಡೆದು ನೋಡಿದಾಗ ಫ್ಲ್ಯಾಂಜಿಗಿಂತ ಕಡಿಮೆ ರೇಟಿಂಗಿನ ಭಾಗಗಳು ಸಿಕ್ಕವು. ಡ್ರೈನ್ ಮತ್ತು ವೆಂಟ್‌ಗಳಲ್ಲಿ ಅರ್ಧ ಇಂಚಿನ ಬಾಲ್ ವಾಲ್ವ್‌ಗಳಿದ್ದವು, ಒಳಗಿನ ಸೀಟ್ ಪಿಟಿಎಫ್‌ಇ, ಅಂದರೆ ಟೆಫ್ಲಾನ್. ಬಾಡಿಯ ಮೇಲೆ ದೊಡ್ಡ ಕ್ಲಾಸ್ ಅಚ್ಚಾಗಿರುತ್ತದೆ, ಅದನ್ನು ನೋಡಿ ಹಾಕಿಬಿಡುತ್ತಾರೆ. ಬಾಡಿಗೆ ಒಂದು ರೇಟಿಂಗ್, ಸೀಟಿಗೆ ಇನ್ನೊಂದು. ಪಿಟಿಎಫ್‌ಇ 260 ಡಿಗ್ರಿ ದಾಟಿದ ಮೇಲೆ ಕೆಲಸಕ್ಕೆ ಬರುವುದಿಲ್ಲ, ಒತ್ತಡ ಇದ್ದರೆ ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ. ಬಿಚ್ಚಿ ನೋಡಿದರೆ ಸೀಟುಗಳು ಆಕಾರ ಕಳೆದುಕೊಂಡಿದ್ದವು. ಮುಚ್ಚಿದ್ದೇವೆ ಅಂತ ಅಂದುಕೊಂಡಿದ್ದ ಡ್ರೈನ್‌ಗಳು ಮುಚ್ಚಿರಲಿಲ್ಲ.

ಎರಡನೆಯದು ಹಿಗ್ಗುವಿಕೆ. ಕಾರ್ಬನ್ ಸ್ಟೀಲ್ ಪೈಪ್ 30ರಿಂದ 185 ಡಿಗ್ರಿಗೆ ಬಂದಾಗ ಮೀಟರಿಗೆ ಸುಮಾರು 1.9 ಮಿ.ಮೀ. ಬೆಳೆಯುತ್ತದೆ. 416ಕ್ಕೆ ಹೋದರೆ 5.2 ಮಿ.ಮೀ. 40 ಮೀಟರಿಗೆ ಅದು 75 ಮಿ.ಮೀ. ಇದ್ದದ್ದು 210 ಮಿ.ಮೀ. ಆಗುತ್ತದೆ. ಈ ಹಿಗ್ಗಿಗೆ ಜಾಗ ಕೊಡಲು ಪೈಪನ್ನು ಬಾಗಿಸಿ ಲೂಪ್ ಮಾಡಿದ್ದು 75ಕ್ಕೆ. ಒಂದು ಗೈಡ್ ಸಪೋರ್ಟ್ ಹತ್ತಿರ ಪೈಪಿನ ಶೂ (ಪೈಪಿನ ಕೆಳಗಿನ ಪಾದ) ತನ್ನ ಬೀಮಿನ ಅಂಚಿನವರೆಗೆ ಜಾರಿದ ಗೀರು ಕಾಣುತ್ತಿತ್ತು. ಆ ಹೆಚ್ಚಿನ ತಳ್ಳಾಟವೆಲ್ಲ ಬಾಗುಬಲವಾಗಿ ಹೋಗಿ ಕೂತದ್ದು ಆ ಸೋರಿದ ಫ್ಲ್ಯಾಂಜುಗಳ ಮೇಲೆಯೇ. ಟೇಬಲ್ಲಿನ 5.9 ಬಾರ್ ಕೂಡ ಹೊರಗಿನ ಭಾರ ವಿಪರೀತ ಇಲ್ಲ ಅಂತ ಇಟ್ಟುಕೊಂಡು ಕೊಟ್ಟ ಅಂಕಿ. ಅಂದಹಾಗೆ 316ಎಲ್ ಹಾಕಿ ಪೈಪನ್ನೂ ಬದಲಿಸಿದ್ದರೆ ಈ ಬೆಳವಣಿಗೆ ಮೀಟರಿಗೆ 7 ಮಿ.ಮೀ. ಹತ್ತಿರ ಆಗುತ್ತಿತ್ತು, ಇನ್ನೂ ಕೆಟ್ಟದ್ದು.

ಏನು ಮಾಡಿದರು

ಹಂಗಾಮು ನಡೆಯುತ್ತಿತ್ತು, ಲೈನ್ ಬಿಚ್ಚಿ ಕೂರುವ ಹಾಗಿರಲಿಲ್ಲ. ಮೊದಲ ಹೆಜ್ಜೆಯಾಗಿ ಹೆಡರನ್ನು 5 ಕೆಜಿಗೆ ಇಳಿಸಿದರು. ಕವಲುಗಳಿಗೆ ಬೇಕಾದ್ದು 3.5ರಿಂದ 4 ಕೆಜಿ, ಹಾಗಾಗಿ ಅದು ಸಾಧ್ಯವಾಯಿತು. ಸೇಫ್ಟಿ ವಾಲ್ವ್ ಸ್ಪ್ರಿಂಗ್ ಬದಲಿಸಿ 5.3 ಕೆಜಿಗೆ ಸೆಟ್ ಮಾಡಿದರು, ಅಂದರೆ 5.2 ಬಾರ್. ಅದು ಪೂರ್ತಿ ತೆರೆಯುವಾಗ ಒತ್ತಡ 10 ಶೇಕಡಾ ಏರಿದರೂ 5.7, ಅಂದರೆ 416 ಡಿಗ್ರಿಯ ರೇಟಿಂಗ್ ಒಳಗೇ. ಒತ್ತಡ ಇಳಿದ ಕಾರಣ ಪೈಪಿನಲ್ಲಿ ಉಗಿಯ ವೇಗ ಹೆಚ್ಚುಕಮ್ಮಿ ಒಂದೂವರೆ ಪಟ್ಟಾಯಿತು, ಸದ್ದು ಜಾಸ್ತಿಯಾಯಿತು, ಡಿಸ್ಟಿಲರಿಗೆ ಗರಿಷ್ಠ ಉಗಿ ಸಿಗಲಿಲ್ಲ. ಅದನ್ನು ಒಪ್ಪಿಕೊಂಡರು. ಸ್ಪ್ರೇ ನೀರು ಹೋಗಿ ತಾಪಮಾನ 230 ದಾಟಿದರೆ ಪಿಆರ್‌ಡಿಎಸ್ ಮುಚ್ಚಬೇಕು, ಡಿಸ್ಟಿಲರಿಯನ್ನು ಕೇಳಬೇಕಾಗಿಲ್ಲ ಅಂತ ಬರೆದು ಸಹಿ ಹಾಕಿ ಕಂಟ್ರೋಲ್ ರೂಮಿನಲ್ಲಿ ಅಂಟಿಸಿದರು. ನನ್ನ ಮಟ್ಟಿಗೆ ಆ ಒಂದು ಹಾಳೆಯೇ ಆ ವಾರದ ದೊಡ್ಡ ಕೆಲಸ, ಯಾಕೆಂದರೆ ಶಿಫ್ಟಿನಲ್ಲಿ ಒಬ್ಬನೇ ಇರುವ ಆಪರೇಟರ್ ಮೇಲೆ ಆ ತೀರ್ಮಾನದ ಭಾರ ಹಾಕುವುದು ಅನ್ಯಾಯ.

ಹಂಗಾಮು ಮುಗಿದ ಮೇಲೆ ನಿಜವಾದ ಕೆಲಸ. ರೇಟಿಂಗ್ ಎಲ್ಲಿ ಬದಲಾಗಬೇಕು ಅನ್ನುವುದರ ಬಗ್ಗೆ ಚರ್ಚೆ ನಡೆಯಿತು. ಹಳೆಯ ಡ್ರಾಯಿಂಗಿನಲ್ಲಿ ಒತ್ತಡ ಇಳಿಸುವ ವಾಲ್ವಿನ ಹೊರ ಫ್ಲ್ಯಾಂಜಿನಲ್ಲೇ ಕ್ಲಾಸ್ 150 ಶುರುವಾಗುತ್ತಿತ್ತು. ಕೇವಲ ಮೊದಲ ಕೆಲವು ಮೀಟರ್ ಕ್ಲಾಸ್ 300 ಮಾಡಿದರೆ ಸಾಲದಾ ಅಂತ ಕೇಳಿದರು. ಸಾಲದು. ನೀರಿಲ್ಲದೆ ಬಂದ ಉಗಿ ಹತ್ತು ಮೀಟರ್ ಹೋದ ಕೂಡಲೇ ತಣ್ಣಗಾಗುವುದಿಲ್ಲ, ಇನ್ಸುಲೇಶನ್ ಸುತ್ತಿದ ಪೈಪಿನಲ್ಲಿ ಹೆಡರ್‌ವರೆಗೂ ಬಿಸಿಯಾಗೇ ಹೋಗುತ್ತದೆ. ಹಾಗಾಗಿ ಗಡಿ ಇಡಬೇಕಾದ್ದು ತಾಪಮಾನ ಇಳಿಯುವ ಜಾಗದಲ್ಲಿ ಅಥವಾ ಒತ್ತಡ ಇಳಿಯುವ ಜಾಗದಲ್ಲಿ. ಇಲ್ಲಿ ಎರಡನೆಯದು ಸಿಕ್ಕಿತು: ಕವಲುಗಳ ಒತ್ತಡ ಇಳಿಸುವ ವಾಲ್ವ್‌ಗಳು. ಅವುಗಳ ಆಚೆ ಜಾಸ್ತಿಯೆಂದರೆ 4 ಕೆಜಿ, ಸೇಫ್ಟಿ ವಾಲ್ವ್ 4.5 ಕೆಜಿಗೆ. ಅದು 4.4 ಬಾರ್. 416 ಡಿಗ್ರಿಯ ಉಗಿ ಬಂದರೂ ಕ್ಲಾಸ್ 150ರ 5.9 ಒಳಗೇ ಇರುತ್ತದೆ. ಹೀಗೆ ಪಿಆರ್‌ಡಿಎಸ್‌ನಿಂದ ಹೆಡರ್ ಸೇರಿ ಕವಲಿನ ವಾಲ್ವ್‌ವರೆಗೆ ಎಲ್ಲವೂ ಕ್ಲಾಸ್ 300 ಕಾರ್ಬನ್ ಸ್ಟೀಲ್. ಡಿಸೈನ್ ಅಂಕಿ 10 ಕೆಜಿ, 425 ಡಿಗ್ರಿ.

ಕ್ಲಾಸ್ ಬದಲಿಸುವುದು ಬರೀ ಫ್ಲ್ಯಾಂಜ್ ಬದಲಿಸುವುದಲ್ಲ. 8 ಇಂಚಿನ ಕ್ಲಾಸ್ 150 ಫ್ಲ್ಯಾಂಜಿಗೆ ಮುಕ್ಕಾಲು ಇಂಚಿನ 8 ಬೋಲ್ಟ್, ಬೋಲ್ಟ್ ಸುತ್ತಿನ ವ್ಯಾಸ 298.5 ಮಿ.ಮೀ. ಕ್ಲಾಸ್ 300ಕ್ಕೆ 7/8 ಇಂಚಿನ 12 ಬೋಲ್ಟ್, 330.2 ಮಿ.ಮೀ. ಒಂದಕ್ಕೊಂದು ಕೂರುವುದೇ ಇಲ್ಲ. ಆದ್ದರಿಂದ ವಾಲ್ವ್, ಸ್ಟ್ರೈನರ್, ಫ್ಲೋ ಮೀಟರ್ ಎಲ್ಲವೂ ಬದಲಾದವು. ಪೈಪ್ ಮಾತ್ರ ಹಾಗೇ ಉಳಿಯಿತು. ಡ್ರೈನ್ ಬಾಲ್ ವಾಲ್ವ್‌ಗಳ ಜಾಗಕ್ಕೆ ಲೋಹದ ಸೀಟಿನ ಫೋರ್ಜ್ಡ್ ಗ್ಲೋಬ್ ವಾಲ್ವ್ ಬಂತು. ಗ್ರಾಫೈಟ್ ತುಂಬಿದ ಸ್ಪೈರಲ್ ಗ್ಯಾಸ್ಕೆಟ್, ಬಿ7 ಅಲಾಯ್ ಸ್ಟೀಲ್ ಸ್ಟಡ್ ಬೋಲ್ಟ್. ಲೂಪನ್ನು ದೊಡ್ಡದು ಮಾಡಿ ಸಪೋರ್ಟ್‌ಗಳನ್ನು ಉದ್ದ ಮಾಡಿದರು. ಎಲ್ಲಕ್ಕೂ ಬಾಯ್ಲರ್ ಇಲಾಖೆಯ ಒಪ್ಪಿಗೆ ಬೇಕು, ವಾಲ್ವ್‌ಗಳಿಗೆ ಫಾರಂ 3-ಸಿ ಅನ್ನುವ ತಯಾರಿಕೆ ಮತ್ತು ಪರೀಕ್ಷೆಯ ಸರ್ಟಿಫಿಕೇಟ್ ಬೇಕು, ಅದಕ್ಕೆ ಹೆಚ್ಚು ಸಮಯ ಹಿಡಿಯಿತು.

ಬಿಸಿ ಜಾಸ್ತಿಯಾದರೆ ತಾನಾಗಿ ಮುಚ್ಚುವ ಟ್ರಿಪ್ ಕೂಡ ಹಾಕಿದರು, ಕಂಟ್ರೋಲಿಗೆ ಇರುವ ಸೆನ್ಸರ್ ಬೇರೆ, ಟ್ರಿಪ್ಪಿನ ಸೆನ್ಸರ್ ಬೇರೆ. ಒಂದೇ ಸೆನ್ಸರ್ ಎರಡಕ್ಕೂ ಇದ್ದರೆ ಅದರ ಮೇಲೆ ನೀರಿನ ಹನಿ ಬಿದ್ದು ಸುಳ್ಳು ಹೇಳಿದಾಗ ಎರಡೂ ಒಟ್ಟಿಗೆ ಮೋಸ ಹೋಗುತ್ತವೆ. ಟ್ರಿಪ್ ಒಂದನ್ನೇ ಹಾಕಿ ಕ್ಲಾಸ್ 150 ಹಾಗೇ ಬಿಡೋಣ ಅನ್ನುವ ವಾದವೂ ಇತ್ತು, ಖರ್ಚು ಬಹಳ ಉಳಿಯುತ್ತಿತ್ತು. ನಾನು ಅದನ್ನು ಒಪ್ಪಲಿಲ್ಲ. ಲೋಹ ಒಂದು ಸಲ ಹಾಕಿದರೆ ತಾನಾಗಿ ನಿಲ್ಲುತ್ತದೆ. ಟ್ರಿಪ್ಪನ್ನು ಯಾರಾದರೂ ಬೈಪಾಸ್ ಮಾಡಬಹುದು, ಹಂಗಾಮಿನ ಒತ್ತಡದಲ್ಲಿ ಮಾಡಿಯೇ ಮಾಡುತ್ತಾರೆ.

ಪಿಆರ್‌ಡಿಎಸ್‌ನ ಹಿಂದೆ ಸಿಕ್ಕಿದ್ದು

ಇಷ್ಟೆಲ್ಲ ಮಾಡುವಾಗ ಪಿಆರ್‌ಡಿಎಸ್‌ನ ಒಳಬದಿಯನ್ನೂ ಒಮ್ಮೆ ನೋಡಿದೆವು. ಅಲ್ಲಿನ ಮುಖ್ಯ ಪೈಪ್ ಅಲಾಯ್ ಸ್ಟೀಲ್, ಕ್ಲಾಸ್ 600, ಸರಿಯಾಗೇ ಇತ್ತು. ಆದರೆ ಲೋಹದಲ್ಲಿ ಏನೇನಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಪಿಎಂಐ ಗನ್ ಹಿಡಿದು ಸಣ್ಣ ಭಾಗಗಳನ್ನೆಲ್ಲ ಪರೀಕ್ಷಿಸಿದಾಗ ಒಂದು ಡ್ರೈನ್ ವಾಲ್ವಿನಲ್ಲಿ ಕ್ರೋಮ್ ಕಾಣಲಿಲ್ಲ. ಎ105 ಕಾರ್ಬನ್ ಸ್ಟೀಲ್, ಕ್ಲಾಸ್ 800. ಯಾವಾಗಲೋ ರಿಪೇರಿಯಲ್ಲಿ ಸ್ಟೋರ್‌ನಲ್ಲಿ ಇದ್ದದ್ದನ್ನು ಹಾಕಿದ್ದರು. ಒತ್ತಡದ ಲೆಕ್ಕದಲ್ಲಿ ಅದು ಪಾಸ್: 440 ಡಿಗ್ರಿಯಲ್ಲೂ 60 ಬಾರ್ ಮೇಲೆ ತಡೆಯುತ್ತದೆ, ಲೈನಿನಲ್ಲಿ ಇರುವುದು 44. ಆದರೆ ಅದೇ ಟೇಬಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇರುತ್ತದೆ. 425 ಡಿಗ್ರಿ ಮೇಲೆ ಬಹುಕಾಲ ಇದ್ದರೆ ಕಾರ್ಬನ್ ಸ್ಟೀಲಿನ ಕಾರ್ಬೈಡ್ ಗ್ರಾಫೈಟ್ ಆಗಿ ಬದಲಾಗಬಹುದು, ದೀರ್ಘಕಾಲ ಬಳಸುವುದು ಸೂಕ್ತವಲ್ಲ ಅಂತ. ಸ್ಟೀಲ್ ಹೊರಗಿನಿಂದ ಹಾಗೇ ಕಾಣುತ್ತದೆ, ದಪ್ಪವೂ ಅಷ್ಟೇ ಇರುತ್ತದೆ, ಒಳಗೆ ಮಾತ್ರ ಬಲ ಹೋಗಿರುತ್ತದೆ.

ಪಿಆರ್‌ಡಿಎಸ್‌ನ ಮುಂದಿನ ಲೈನ್ 416 ಡಿಗ್ರಿ ನೋಡುವುದು ನೀರು ನಿಂತ ಹೊತ್ತಿನಲ್ಲಿ ಮಾತ್ರ, ಅಲ್ಲಿ ಕಾರ್ಬನ್ ಸ್ಟೀಲ್ ನಡೆಯುತ್ತದೆ. ಹಿಂದಿನ ಈ ವಾಲ್ವ್ 440 ಡಿಗ್ರಿ ನೋಡುವುದು ಹಂಗಾಮಿನ ಪ್ರತಿ ದಿನ, ಇಡೀ ದಿನ. ಅದನ್ನು ಕತ್ತರಿಸಿ ತೆಗೆದು ಎಫ್11 ವಾಲ್ವ್ ವೆಲ್ಡ್ ಮಾಡಿದರು, ವೆಲ್ಡಿಂಗ್ ಆದ ಮೇಲೆ ಬೇಕಾದ ಶಾಖೋಪಚಾರವನ್ನೂ ಮಾಡಿಸಿದರು. ಸ್ಟೋರ್‌ನಲ್ಲಿ ಕಾರ್ಬನ್ ಸ್ಟೀಲ್ ಮತ್ತು ಅಲಾಯ್ ಸ್ಟೀಲ್ ವಾಲ್ವ್‌ಗಳನ್ನು ಈಗ ಬೇರೆ ಬೇರೆ ರ‍್ಯಾಕಿನಲ್ಲಿ ಇಡುತ್ತಾರೆ, ಅಲಾಯ್ ವಾಲ್ವ್‌ಗೆ ಪಿಎಂಐ ಮಾಡದೆ ಲೈನಿಗೆ ಕೊಡುವುದಿಲ್ಲ.